ಎಲೆಯ ಬೆವರು

ಶಾಲೆಯ ಹಿತ್ತಿಲಿನಲ್ಲಿ ಮಾವಿನ ತೋಪೊಂದನ್ನು ಬೆಳೆಸಬೇಕೆಂದು ಊರವರು ಚಂದಾ ಎತ್ತಿ ಹಣ ಕೊಟ್ಟಿದ್ದರು. ಮುಂಗಾರು ಬಿದ್ದ ಮರುದಿನವೇ ಕೃಷ್ಣಗಿರಿಯ ಕಡೆಯಿಂದ ಹತ್ತು ಕಸಿಗಿಡಗಳನ್ನು ತೆರೆದ ಲಾರಿಯಲ್ಲಿ ತಂದು, ನಡುಹಗಲಿನಲ್ಲಿಯೇ ನೆಡಿಸಿದೆನು. ಗುಣಿಗೆ ಎರಡೆರಡು ಕೊಡ ನೀರು. ಆದರೂ ವಾರದೊಳಗೆ ಏಳು ಗಿಡಗಳು ಒಣಗಿದುವು. “ಬುಡಕ್ಕೆ ನೀರು ಹಾಕಿದಿರಿ ಮೇಷ್ಟ್ರೇ, ತಲೆಗೆ ನೆರಳು ಮರೆತಿರಿ” ಎಂದರು ನೆರೆಹೊಲದ ವೃದ್ಧರೊಬ್ಬರು. ಬಾಷ್ಪವಿಸರ್ಜನೆಯ ಪಾಠವನ್ನು ವರ್ಷವರ್ಷವೂ ಹೇಳುತ್ತಿದ್ದ ನನಗೆ ನಾಚಿಕೆಯಾಯಿತು.

ಬೇರು ಹೀರಿದ ನೀರಿನಲ್ಲಿ ನೂರಕ್ಕೆ ೯೫ ಪಾಲಿಗೂ ಹೆಚ್ಚು ಎಲೆಗಳ ಮೂಲಕ ಆವಿಯಾಗಿ ಹೊರಟುಹೋಗುತ್ತದೆ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಸೂರ್ಯಕಾಂತಿಯ ಕುಂಡದ ಬಾಯಿಯನ್ನು ಸೀಸದ ತಗಡಿನಿಂದ ಮುಚ್ಚಿ, ದಿನದಿನವೂ ತೂಗಿ, ಈ ನಷ್ಟವನ್ನು ಲೆಕ್ಕಹಾಕಿ ೧೭೨೭ರಲ್ಲಿ ಪ್ರಕಟಿಸಿದನು.

ನೀರು ಹೊರಡುವುದು ಕಣ್ಣಿಗೆ ಕಾಣದ ಪತ್ರರಂಧ್ರಗಳಿಂದ. ಮಾವಿನಲ್ಲಿ ಅವು ಎಲೆಯ ಅಡಿಮೈಯಲ್ಲಿವೆ. ಒಂದೊಂದಕ್ಕೂ ಎರಡು ಕಾವಲು ಕೋಶಗಳು. ಅವು ನೀರುಂಡು ಉಬ್ಬಿದರೆ ರಂಧ್ರ ತೆರೆಯುತ್ತದೆ, ಸೊರಗಿದರೆ ಮುಚ್ಚುತ್ತದೆ. ಹಾಗಾದರೆ ಸದಾ ಮುಚ್ಚಿಕೊಂಡೇ ಇರಬಾರದೇ? ಗಿಡವು ತನ್ನ ಅನ್ನವನ್ನು ತಯಾರಿಸಲು ಬೇಕಾದ ಇಂಗಾಲದ ಡೈಆಕ್ಸೈಡು ಒಳಬರುವುದೂ ಅದೇ ಬಾಗಿಲಿನಿಂದ! ಹಸಿವೋ ಬಾಯಾರಿಕೆಯೋ ಎಂಬ ಈ ಇಕ್ಕಟ್ಟಿನಲ್ಲಿ ನಮ್ಮ ರಾಗಿ ಬಲು ಜಾಣೆ. ಆ ಅನಿಲವನ್ನು ಎಲೆಯೊಳಗೆ ಸಾಂದ್ರಗೊಳಿಸಿಕೊಳ್ಳುವ ಏರ್ಪಾಡು ಅದಕ್ಕುಂಟು. ಆದುದರಿಂದ ಭತ್ತಕ್ಕಿಂತ ಕಡಿಮೆ ನೀರು ಕಳೆದುಕೊಂಡೇ ಬೆಳೆಯಬಲ್ಲುದು. ಹೊಸೂರು, ಡೆಂಕಣಿಕೋಟೆಗಳ ಖುಷ್ಕಿ ಹೊಲಗಳಿಗೆ ಅದು ಒಗ್ಗಿದುದಕ್ಕೆ ಇದೂ ಒಂದು ಕಾರಣ.

ನನ್ನ ಗಿಡಗಳಿಗೆ ಆದುದೇನು? ಲಾರಿಯ ಕುಲುಕಾಟದಲ್ಲಿ ಮಣ್ಣುಗಡ್ಡೆ ಒಡೆದು ಬೇರುಗೂದಲುಗಳು ಹರಿದಿದ್ದುವು. ಎಲೆಯ ಸುತ್ತ ನಿಲ್ಲುವ ತೇವದ ಗಾಳಿಯನ್ನು ಬೀಸುಗಾಳಿ ಒಯ್ಯುತ್ತಲೇ ಇದ್ದಿತು. ಖರ್ಚು ಏರಿತು, ಆದಾಯ ನಿಂತಿತು. ಗುಣಿಯಲ್ಲಿ ನೀರಿದ್ದರೂ ಕುಡಿಯುವ ಬಾಯಿಯೇ ಇರಲಿಲ್ಲ.

ಮರುವರ್ಷ ಗಿಡಗಳನ್ನು ಒದ್ದೆ ಗೋಣಿ ಹೊದಿಸಿ ತಂದೆವು. ಬಲಿತ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಸಂಜೆ ನೆಟ್ಟು, ತೆಂಗಿನ ಗರಿಗಳ ಮರೆ ಕಟ್ಟಿದೆವು. ಕತ್ತರಿಸುವಾಗ ಮಕ್ಕಳು “ಅಯ್ಯೋ ಸಾರ್” ಎಂದು ಮರುಗಿದರು. ಏಳರಲ್ಲಿ ಆರು ಬದುಕಿದುವು.

ಈಗ ಆ ಮರಗಳಲ್ಲೊಂದರ ರೆಂಬೆಗೆ ಮಕ್ಕಳು ಬೆಳಿಗ್ಗೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ. ಊಟದ ಗಂಟೆಯ ವೇಳೆಗೆ ಒಳಗೆಲ್ಲ ಹನಿ. ವಾಚಕರೂ ಮನೆಯಂಗಳದ ದಾಸವಾಳಕ್ಕೆ ಕಟ್ಟಿ ನೋಡಬಹುದು. ನೋಡಿದೊಡನೆ ಬಿಚ್ಚಿಬಿಡಿ, ಬಿಸಿಲಿಗೆ ಎಲೆ ಬೆಂದೀತು.