ಮೂವತ್ತೊಂದನೆಯ ಮಗು

ಸೊಲ್ಲಾಪುರದಿಂದ ಕಲಬುರಗಿ ಕಡೆ ಹೊರಟ ರೈಲು ಅಕ್ಕಲಕೋಟ ತಾಲೂಕಿನ ದುಧನಿ ದಾಟಿತೆಂದರೆ ಕರ್ನಾಟಕ ಬಂತು. ಹಳಿಯ ಎರಡೂ ಕಡೆ ಅದೇ ತೊಗರಿ ಹೊಲ, ಅದೇ ಕಪ್ಪು ಮಣ್ಣು, ಮಾತೂ ಬಹುಪಾಲು ಅದೇ. ಮಧ್ಯಾಹ್ನದ ಹೊತ್ತಿಗೆ ಶಾಲೆಗಳಲ್ಲಿ ಏಳುವ ಬೇಳೆಯ ವಾಸನೆಯೂ ಒಂದೇ. ಆ ಕಡೆ ಅದನ್ನು ಬಿಸಿಯೂಟ ಅಂತಾರೆ, ಈ ಕಡೆ ಮಕ್ಕಳಿಗೆ ಅದು ಖಿಚಡಿ. ಲೆಕ್ಕದ ಪುಸ್ತಕ ತೆರೆದಾಗ ಮಾತ್ರ ಗಡಿ ಎದ್ದು ಕಾಣುತ್ತದೆ.

ಮೊದಲು ಎರಡೂ ಕಡೆ ಸಮನಾಗಿರುವುದನ್ನು ನೋಡೋಣ. ಪಿಎಂ ಪೋಷಣ್ ಯೋಜನೆಯಲ್ಲಿ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇದರಿಂದ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಆರನೆಯ ತರಗತಿಗೆ ಹೋದರೆ ಧಾನ್ಯ 150 ಗ್ರಾಂ, ಬೇಳೆ 30 ಗ್ರಾಂ. ಧಾನ್ಯವನ್ನು ಕೇಂದ್ರ ಪುಕ್ಕಟೆ ಕೊಡುತ್ತದೆ. ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಒಲೆಯ ಉರುವಲು, ಇಷ್ಟಕ್ಕೂ 2025ರ ಮೇ 1ರಿಂದ ಪ್ರಾಥಮಿಕ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ, ಹಿರಿಯ ಪ್ರಾಥಮಿಕಕ್ಕೆ 10 ರೂಪಾಯಿ 17 ಪೈಸೆ. 60:40ರ ಪಾಲು ಪ್ರಕಾರ 6.78ರಲ್ಲಿ ಕೇಂದ್ರದ್ದು 4 ರೂಪಾಯಿ 7 ಪೈಸೆ, ರಾಜ್ಯದ್ದು 2 ರೂಪಾಯಿ 71 ಪೈಸೆ.

ತಲೆಗೆ ಇಷ್ಟು ಎಂದರೆ ಏನೂ ಅನ್ನಿಸುವುದಿಲ್ಲ, ಒಂದು ಶಾಲೆಗೆ ಹಿಡಿದು ನೋಡಬೇಕು. ಅಕ್ಕಲಕೋಟ ಭಾಗದ ಒಂದು ಸಣ್ಣ ಕನ್ನಡ ಸಾಲಿ ಅಂದುಕೊಳ್ಳಿ, ಒಂದರಿಂದ ನಾಲ್ಕನೆಯ ತರಗತಿ, 28 ಮಕ್ಕಳು. ದಿನದ ಬಾಬತ್ತು 189 ರೂಪಾಯಿ 84 ಪೈಸೆ. ಬೇಕಾದದ್ದು 560 ಗ್ರಾಂ ಬೇಳೆ, 1 ಕಿಲೋ 400 ಗ್ರಾಂ ತರಕಾರಿ, 140 ಗ್ರಾಂ ಎಣ್ಣೆ. ತೊಗರಿ ಬೇಳೆ ಕಿಲೋಗೆ 120 ಅಂತ ಹಿಡಿದರೆ 67 ರೂಪಾಯಿ 20 ಪೈಸೆ. ತರಕಾರಿ 40ರಂತೆ 56 ರೂಪಾಯಿ. ಎಣ್ಣೆ 150ರಂತೆ 21 ರೂಪಾಯಿ. ಒಟ್ಟು 144 ರೂಪಾಯಿ 20 ಪೈಸೆ. ಉಳಿದ 45 ರೂಪಾಯಿ ಚಿಲ್ಲರೆಯಲ್ಲಿ ಉಪ್ಪು, ಖಾರ, ಅರಿಶಿನ, ಗ್ಯಾಸ್ ಎಲ್ಲ ಮುಗಿಸಬೇಕು. ಕಾಗದದ ಮೇಲೆ ಮುಗಿಯುತ್ತದೆ ಕೂಡ.

ಬೇಳೆ 160ಕ್ಕೆ, ತರಕಾರಿ 60ಕ್ಕೆ ಏರಿದ ದಿನ 50 ರೂಪಾಯಿ 40 ಪೈಸೆ ಹೆಚ್ಚು ಬೇಕು. ಅಂದರೆ ಒಲೆ ಹಚ್ಚುವ ಮೊದಲೇ ಸುಮಾರು 5 ರೂಪಾಯಿ ಸಾಲ. ಇದು ಬರೀ ಊಹೆಯಲ್ಲ. 2024ರ ಬೇಸಿಗೆಯಲ್ಲಿ ತೊಗರಿ ಬೇಳೆ 160ರ ಆಸುಪಾಸಿನಲ್ಲೇ ಇತ್ತು. ಆಗ ಸರಕಾರದ ದರ 6.78 ಅಲ್ಲ, 2022ರ ಅಕ್ಟೋಬರಿನಲ್ಲಿ ನಿಗದಿಯಾದ 5.45. ಇದೇ 28 ಮಕ್ಕಳಿಗೆ 152 ರೂಪಾಯಿ 60 ಪೈಸೆ. ದರ 6.19ಕ್ಕೆ ಏರಿದ್ದು ಆ ವರ್ಷದ ಡಿಸೆಂಬರಿನಲ್ಲಿ. ಬೇಳೆ ಅಷ್ಟು ಹೊತ್ತು ಕಾಯುವುದಿಲ್ಲ. ತೊಗರಿಯ ಕಣಜ ಎನ್ನಿಸಿಕೊಂಡ ಸೀಮೆಯ ಮಕ್ಕಳ ತಾಟಿನಲ್ಲೇ ತೊಗರಿ ದುಬಾರಿ! ಮಹಾರಾಷ್ಟ್ರದ ಹಳ್ಳಿ ಶಾಲೆಗಳಿಗೆ ಬೇಳೆ, ಎಣ್ಣೆ, ಮಸಾಲೆ ಗುತ್ತಿಗೆದಾರರಿಂದ ಬರುತ್ತದೆ, ಮುಖ್ಯಾಧ್ಯಾಪಕರ ಕೈಗೆ ಬರುವುದು ತರಕಾರಿ ಮತ್ತು ಉರುವಲಿನ ದುಡ್ಡು ಮಾತ್ರ. ಹಾಗಾಗಿ ಏರಿಕೆಯ ಬಿಸಿ ಅವರಿಗೆ ಮೊದಲು ತಟ್ಟುವುದು ಟೊಮ್ಯಾಟೋದಲ್ಲಿ, ಸಿಲಿಂಡರಿನಲ್ಲಿ. 28 ಮಕ್ಕಳಿಗಾದರೂ 80 ಮಕ್ಕಳಿಗಾದರೂ ಒಲೆ ಉರಿಸುವ ಹೊತ್ತು ಹೆಚ್ಚುಕಡಿಮೆ ಒಂದೇ. ತಲೆ ಎಣಿಸಿ ಕೊಡುವ ದುಡ್ಡಿಗೆ ಇದು ಗೊತ್ತಿಲ್ಲ.

ಎರಡೂ ಕಡೆ ಬೇರೆಯಾಗುವುದು ರಾಜ್ಯ ಮೇಲೆ ಹಾಕುವ ಹಿಡಿಯಲ್ಲಿ. ಮಹಾರಾಷ್ಟ್ರ 2023ರ ನವೆಂಬರಿನಲ್ಲಿ ವಾರಕ್ಕೊಂದು ಮೊಟ್ಟೆ ಶುರು ಮಾಡಿತು, ಮೊಟ್ಟೆಗೆ 5 ರೂಪಾಯಿ. 2025ರ ಜನವರಿಯಲ್ಲಿ ಅದಕ್ಕೆ ಕೊಡುತ್ತಿದ್ದ ದುಡ್ಡು ನಿಲ್ಲಿಸಿ, ಬೇಕಾದರೆ ಊರವರ ದೇಣಿಗೆಯಿಂದ ಕೊಡಿ ಎಂದಿತು. ಅತ್ತ ಕರ್ನಾಟಕದಲ್ಲಿ ವಾರಕ್ಕೆ ಎರಡಿದ್ದ ಮೊಟ್ಟೆ 2024ರ ಸೆಪ್ಟೆಂಬರಿನಿಂದ ಆರಾಯಿತು. ಹೆಚ್ಚಿನ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು, ಮೂರು ವರ್ಷಕ್ಕೆ ಸುಮಾರು 1,500 ಕೋಟಿ. ಮೊಟ್ಟೆಗೆ 6 ರೂಪಾಯಿಯಂತೆ ನಮ್ಮ 28 ಮಕ್ಕಳಿಗೆ ಒಂದು ದಿನಕ್ಕೆ 168 ರೂಪಾಯಿ ಬೇಕು, ಇಡೀ ದಿನದ 189.84ರಲ್ಲಿ ಉಳಿಯುವುದು 21 ರೂಪಾಯಿ 84 ಪೈಸೆ. ಗಡಿಯಾಚೆ ಆಳಂದದ ಕನ್ನಡ ಶಾಲೆಯ ಮಗುವಿಗೆ ಸಿಗುವ ಮೊಟ್ಟೆ ಅಕ್ಕಲಕೋಟದ ಕನ್ನಡ ಶಾಲೆಯ ಮಗುವಿಗೆ ಸಿಗಬೇಕೆಂದರೆ ಊರ ಗೌಡರೋ ಸಾಹುಕಾರರೋ ಮನಸ್ಸು ಮಾಡಬೇಕು.

ಅಡುಗೆಯವರ ಗೌರವಧನವೂ ಹಾಗೇ. ಕೇಂದ್ರದ ಲೆಕ್ಕದಲ್ಲಿ ಅದು 2009ರಿಂದ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ ಹತ್ತು ತಿಂಗಳು. ಮಹಾರಾಷ್ಟ್ರ ಸೇರಿಸಿ 2,500 ಕೊಡುತ್ತದೆ. ಕರ್ನಾಟಕ 2025ರ ಬಜೆಟ್ಟಿನಲ್ಲಿ ಇನ್ನೊಂದು ಸಾವಿರ ಏರಿಸಿ ಸಹಾಯಕಿಗೆ 4,600 ಮಾಡಿತು. ವರ್ಷಕ್ಕೆ 25,000 ಒಂದು ಕಡೆ, 46,000 ಇನ್ನೊಂದು ಕಡೆ. ಎರಡೂ ಜಾಸ್ತಿ ಅಂತ ಯಾರೂ ಹೇಳಲಾರರು.

ಈ ಸೀಮೆಗೆ ಊಟ ಹಾಕುವುದು ಹೊಸತಲ್ಲ. ಸೊಲ್ಲಾಪುರವೆಂದರೆ ದಾಸೋಹದ ಪರಂಪರೆಯ ಶರಣ ಸಿದ್ಧರಾಮನ ಸೊನ್ನಲಿಗೆ. ಅಕ್ಕಲಕೋಟದ ಸ್ವಾಮಿ ಸಮರ್ಥರ ಅನ್ನಛತ್ರದಲ್ಲಿ ಇವತ್ತಿಗೂ ಪಂಕ್ತಿಗೆ ಕೂತವರನ್ನು ಯಾವ ಊರಿನವರು ಅಂತ ಕೇಳುವುದಿಲ್ಲ. ಕರ್ನಾಟಕವೂ ತನ್ನ ಯೋಜನೆಗೆ ಅಕ್ಷರ ದಾಸೋಹ ಎಂದೇ ಹೆಸರಿಟ್ಟಿತು. 2002ರ ಜೂನಿನಲ್ಲಿ ಅದನ್ನು ಮೊದಲು ಶುರು ಮಾಡಿದ ಏಳು ಜಿಲ್ಲೆಗಳಲ್ಲಿ ಅಕ್ಕಲಕೋಟಕ್ಕೆ ಅಂಟಿಕೊಂಡ ಕಲಬುರಗಿ, ವಿಜಯಪುರ ಎರಡೂ ಇದ್ದವು. ಅದಕ್ಕೂ ಮೊದಲು, 1995ರ ಆಗಸ್ಟ್ 15ರಂದು ಕೇಂದ್ರದ ಯೋಜನೆ ಹುಟ್ಟಿದಾಗ, ಬಹಳ ಕಡೆ ಮಕ್ಕಳಿಗೆ ಸಿಕ್ಕಿದ್ದು ತಿಂಗಳಿಗೆ 3 ಕಿಲೋ ಧಾನ್ಯ, ಚೀಲದಲ್ಲಿ. ಬೇಯಿಸಿ ಬಡಿಸಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2001ರ ನವೆಂಬರ್ 28ರಂದು.

ಊಟದಾಚೆಯ ನೆರವುಗಳೂ ಇವೆ. ಸಮಗ್ರ ಶಿಕ್ಷಣದಿಂದ ಸಮವಸ್ತ್ರಕ್ಕೆ ಮಗುವಿಗೆ ವರ್ಷಕ್ಕೆ 600 ರೂಪಾಯಿ. ಪಠ್ಯಪುಸ್ತಕ ಉಚಿತ, ಬಾಲಭಾರತಿ ಕನ್ನಡದಲ್ಲೂ ಅಚ್ಚು ಹಾಕುತ್ತದೆ. ಪರಿಶಿಷ್ಟರು, ವಿಮುಕ್ತ, ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳಿಗೆ ಹಾಜರಾತಿ ಭತ್ಯೆ ಅಂತ ಮಹಾರಾಷ್ಟ್ರ 1992ರಲ್ಲಿ ದಿನಕ್ಕೆ 1 ರೂಪಾಯಿ ಶುರು ಮಾಡಿತು, ವರ್ಷಕ್ಕೆ ಹೆಚ್ಚೆಂದರೆ 220. ಮುಂದಿನ ಮೂವತ್ತು ವರ್ಷ ಆ ರೂಪಾಯಿ ರೂಪಾಯಿಯಾಗಿಯೇ ಇತ್ತು. ಗಡಿಯಾಚೆಯ ಕನ್ನಡ ಶಾಲೆಗಳಿಗೆ ವಿಶೇಷ ಅನುದಾನ ಕೊಡುವುದಾಗಿ 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದ್ದರು. ಕಾಲೇಜು ಪ್ರವೇಶಕ್ಕೆ ನಡೆಯುವ ಕರ್ನಾಟಕದ ಸಿಇಟಿಯಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕಿನ ಕನ್ನಡಿಗರಿಗೆ ಗಡಿನಾಡಿನವರೆಂದು ಅವಕಾಶ ಇದೆ. ಹದಿನೆಂಟಕ್ಕೆ ಸಿಗುವ ಈ ಉಪಕಾರ ಎಂಟು ವರ್ಷದ ಮಗುವಿನ ತಾಟಿಗೆ ಬೀಳುವುದಿಲ್ಲ.

ಸಣ್ಣ ಶಾಲೆಯ ನಿಜವಾದ ಪೇಚು ಮಕ್ಕಳ ದಾಖಲಾತಿ ಪಟ್ಟಿಯ ಸಂಖ್ಯೆಯಲ್ಲಿದೆ. ಸುಣ್ಣಬಣ್ಣ, ಕರೆಂಟು ಬಿಲ್ಲು, ಶೌಚಾಲಯದ ಸ್ವಚ್ಛತೆಗೆಂದು ಕೊಡುವ ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000. ಮೂವತ್ತೊಂದನೆಯ ಮಗು ಒಂದೇ ಬಂದರೂ 15,000 ರೂಪಾಯಿ ತರುತ್ತದೆ. ಮೂವತ್ತೆರಡನೆಯದು ಏನೂ ತರುವುದಿಲ್ಲ. ಸೂರು ಸೋರುವುದಕ್ಕೂ ಪಟ್ಟಿಗೂ ಸಂಬಂಧವಿಲ್ಲ, ದುಡ್ಡಿಗೆ ಇದೆ. ಅಡುಗೆಯವರಿಗೂ ಇಂಥದ್ದೇ ಮೆಟ್ಟಿಲು. 25ರವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು.

ನಮ್ಮ 28ರ ಶಾಲೆ ಜೂನಿನಲ್ಲಿ ಬಾಗಿಲು ತೆರೆಯುತ್ತದೆ ಅನ್ನೋಣ. ನಾಲ್ಕನೆಯದು ಮುಗಿಸಿ 7 ಮಕ್ಕಳು ಹೋದರು, ಒಂದನೆಯದಕ್ಕೆ 4 ಮಕ್ಕಳು ಬಂದರು, ಒಂದನೆಯದಕ್ಕೆ ಬರಬೇಕಾಗಿದ್ದ ಉಳಿದವರನ್ನು ಮನೆಯವರು ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಹತ್ತಿಸಿದರು. ಪಟ್ಟಿ 25. ದಿನದ ಬಾಬತ್ತು 169 ರೂಪಾಯಿ 50 ಪೈಸೆಗೆ ಇಳಿಯಿತು. ಕಳೆದ ವರ್ಷ ಇಬ್ಬರು ಹೆಂಗಸರು ಸೇರಿ ಇಳಿಸುತ್ತಿದ್ದ ಅದೇ ಪಾತ್ರೆಯನ್ನು ಈಗ ಒಬ್ಬಾಕೆ ಇಳಿಸಬೇಕು.