ಬಂಡೆಯೇರುವ ಪುಟ್ಟ ಗಾಡಿ: ಮುಂಭಾರವೇ, ಹಿಂಭಾರವೇ?

ಎತ್ತಿನ ಗಾಡಿಗೆ ಹೇರು ತುಂಬುವಾಗ ನಮ್ಮ ರೈತರು ಒಂದು ಎಚ್ಚರವನ್ನು ತಪ್ಪದೆ ವಹಿಸುತ್ತಾರೆ. ಹೇರು ಹಿಂದಕ್ಕೆ ಹೆಚ್ಚಾದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಮೊದಲನೆಯದು ಹಿಂಭಾರ, ಎರಡನೆಯದು ಮುಂಭಾರ. ಏರು ಬಂದಾಗ ಗಾಡಿಯವನು ಮುಂದಕ್ಕೆ ಸರಿದು ಕೂರುವುದೂ ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುವುದೂ ಈ ಕಾರಣದಿಂದಲೇ. ಅವನು ಗುರುತ್ವಕೇಂದ್ರವೆಂಬ ಹೆಸರನ್ನು ಕೇಳಿರಲಾರನು; ಆದರೆ ಅದನ್ನು ಎಲ್ಲಿಡಬೇಕೆಂಬುದನ್ನು ಬಲ್ಲನು.

ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಕೆಲವು ತಿಂಗಳ ಹಿಂದೆ ನಮ್ಮ ಮುಂದೆ ಬಂದಿತು. ನಮ್ಮ ವಿದ್ಯಾರ್ಥಿಗಳಿಬ್ಬರು ರೇಡಿಯೋ ಅಲೆಗಳಿಂದ ದೂರದಿಂದಲೇ ನಡೆಸಬಹುದಾದ, ಬಂಡೆಗಳ ಮೇಲೆ ಹತ್ತುವ ಪುಟ್ಟ ಗಾಡಿಯೊಂದನ್ನು ತಂದಿದ್ದರು. ಕಡಿದಾದ ಏರಿನಲ್ಲಿ ಅದು ಹಿಂದಕ್ಕೆ ಮಗುಚಿಕೊಳ್ಳುತ್ತಿತ್ತು. ಅದಕ್ಕಾಗಿ ಅವರು ಮುಂಭಾಗಕ್ಕೆ ಸಿಕ್ಕಷ್ಟು ಭಾರವನ್ನೆಲ್ಲ ಕಟ್ಟಿದರು. ಗಾಡಿ ಸೊಗಸಾಗಿ ಹತ್ತಿತು. ಆದರೆ ಬಂಡೆಯ ಆಚೆಯ ಮಗ್ಗುಲಿನಲ್ಲಿ ಇಳಿಯುವಾಗ ಮೂಗು ಮುಂದಾಗಿ ಪಲ್ಟಿ ಹೊಡೆದು, ಮುಂದಿನ ಚಕ್ರಗಳನ್ನು ತಿರುಗಿಸುವ ಸರ್ವೋ ಮೋಟಾರು ಮುರಿದುಹೋಯಿತು. ತಿಂಗಳುಗಟ್ಟಲೆ ಕೂಡಿಟ್ಟ ಹಣದಿಂದ ಕೊಂಡ ವಸ್ತು ಅದು. ಹಾಗಾದರೆ ಭಾರವನ್ನು ಎಷ್ಟರಮಟ್ಟಿಗೆ ಮುಂದಿಡಬೇಕು? ಇದನ್ನು ಲೆಕ್ಕದಿಂದ ತಿಳಿಯಬಹುದೆ? ಬಹುಮಟ್ಟಿಗೆ ತಿಳಿಯಬಹುದು.

ಗಾಡಿಯ ಪರಿಚಯ

ಅಮೆರಿಕದ ಪಶ್ಚಿಮ ಪ್ರಾಂತಗಳಲ್ಲಿ, ಮುಖ್ಯವಾಗಿ ಕ್ಯಾಲಿಫೋರ್ನಿಯದ ರೂಬಿಕಾನ್ ದಾರಿಯಂಥ ಕಲ್ಲುಹಾದಿಗಳಲ್ಲಿ, ಜೀಪುಗಳನ್ನು ಬಂಡೆಯಿಂದ ಬಂಡೆಗೆ ಮೆಲ್ಲಮೆಲ್ಲನೆ ಹತ್ತಿಸುವುದು ಒಂದು ಕ್ರೀಡೆ. ಅದರ ಕಿರಿಯ ರೂಪವೇ ಈ ಆಟ. ಜಪಾನಿನ ತಮಿಯಾ ಸಂಸ್ಥೆ 1987ರಲ್ಲಿ ಹೊರತಂದ ‘ಕ್ಲಾಡ್ ಬಸ್ಟರ್’ ಎಂಬ ಮಾದರಿಯಲ್ಲಿ ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು ಮೋಟಾರು ಇದ್ದುದರಿಂದ ಹವ್ಯಾಸಿಗಳು ಅದನ್ನೇ ಬಿಚ್ಚಿ ಬಂಡೆಯೇರುವ ಗಾಡಿಗಳನ್ನು ಕಟ್ಟಿದರು. ಆ ಮೇಲೆ ಈ ಕೆಲಸಕ್ಕೆಂದೇ ತಯಾರಾದ ಮಾದರಿಗಳು ಬಂದವು. 2017ರಲ್ಲಿ ಬಂದ ಟ್ರ್ಯಾಕ್ಸಸ್ ಸಂಸ್ಥೆಯ ಟಿಆರ್‌ಎಕ್ಸ್-4 ಅವುಗಳಲ್ಲಿ ಒಂದು. ಇವುಗಳಲ್ಲಿ ಹೆಚ್ಚಿನವು ನಿಜವಾದ ವಾಹನದ ಹತ್ತರಲ್ಲೊಂದು ಅಳತೆಯವು. ನಾಲ್ಕು ಚಕ್ರಗಳೂ ಮೋಟಾರಿನಿಂದ ತಿರುಗುತ್ತವೆ. ಟೈರುಗಳು ಮೆತ್ತನೆಯ ರಬ್ಬರಿನವು. ವೇಗ ಮನುಷ್ಯನ ನಡಿಗೆಯಷ್ಟು ಅಥವಾ ಅದಕ್ಕೂ ಕಡಿಮೆ.

ಲೆಕ್ಕದ ಅನುಕೂಲಕ್ಕಾಗಿ ನಮ್ಮ ಗಾಡಿಯ ತೂಕ 3 ಕಿಲೋಗ್ರಾಂ, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ದೂರ 300 ಮಿ.ಮೀ., ಗುರುತ್ವಕೇಂದ್ರ ನೆಲದಿಂದ 90 ಮಿ.ಮೀ. ಎತ್ತರದಲ್ಲಿದೆ ಎಂದು ಇಟ್ಟುಕೊಳ್ಳೋಣ.

ಮಗುಚುವ ಕೋನ

ಸಮತಲದಲ್ಲಿ ಮುಂದಿನ ಚಕ್ರಗಳು ಹೊರುವ ಪಾಲು ಗುರುತ್ವಕೇಂದ್ರದ ಸ್ಥಾನವನ್ನು ಅವಲಂಬಿಸಿದೆ. ಸನ್ನೆಯ ನಿಯಮದಂತೆ, ಕೇಂದ್ರವು ಹಿಂದಿನ ಅಚ್ಚಿನಿಂದ 180 ಮಿ.ಮೀ. ಮುಂದಿದ್ದರೆ ಮುಂದಿನ ಪಾಲು 300ರಲ್ಲಿ 180, ಎಂದರೆ ನೂರಕ್ಕೆ 60, ಹಿಂದಿನದು 40. ಇದನ್ನು ಹವ್ಯಾಸಿಗಳು 60:40 ಎಂದು ಬರೆಯುತ್ತಾರೆ.

ಈಗ ಗಾಡಿಯನ್ನು ಏರಿಗೆ ನಿಲ್ಲಿಸಿರಿ. ಗುರುತ್ವಕೇಂದ್ರದಿಂದ ಒಂದು ತೂಗುಗುಂಡನ್ನು ಇಳಿಬಿಟ್ಟಂತೆ ಊಹಿಸಿದರೆ, ಏರು ಕಡಿದಾದಂತೆಲ್ಲ ಅದರ ದಾರ ಹಿಂದಿನ ಚಕ್ರಗಳ ಕಡೆಗೆ ಸರಿಯುತ್ತದೆ. ಅದು ಹಿಂದಿನ ಚಕ್ರಗಳು ನೆಲವನ್ನು ಮುಟ್ಟುವ ಜಾಗವನ್ನು ದಾಟಿದೊಡನೆಯೇ ಮುಂದಿನ ಚಕ್ರಗಳು ಮೇಲೆದ್ದು ಗಾಡಿ ಮಗುಚುತ್ತದೆ. ಆ ಮಿತಿಯಲ್ಲಿ ಏರಿನ ಕೋನದ ಟ್ಯಾಂಜೆಂಟು, ಹಿಂದಿನ ಚಕ್ರದಿಂದ ಕೇಂದ್ರಕ್ಕಿರುವ ದೂರವನ್ನು ಕೇಂದ್ರದ ಎತ್ತರದಿಂದ ಭಾಗಿಸಿದಷ್ಟಾಗುತ್ತದೆ. ಇಳಿಯುವಾಗಲೂ ಇದೇ ನಿಯಮ. ದೂರವನ್ನು ಮಾತ್ರ ಮುಂದಿನ ಚಕ್ರದಿಂದ ಅಳೆಯಬೇಕು.

ಈ ಒಂದೇ ಸೂತ್ರದಿಂದ ಬರುವ ಫಲಗಳನ್ನು ನೋಡಿ. ಭಾರ 50:50 ಇದ್ದರೆ ಏರಿನಲ್ಲಿಯೂ ಇಳಿಜಾರಿನಲ್ಲಿಯೂ ಮಿತಿ 59 ಡಿಗ್ರಿ. 60:40 ಆದರೆ ಏರಿನ ಮಿತಿ 63.4 ಡಿಗ್ರಿ, ಇಳಿಜಾರಿನದು 53.1 ಡಿಗ್ರಿ. 70:30 ಆದರೆ ಏರು 66.8, ಇಳಿಜಾರು 45. ನಮ್ಮ ವಿದ್ಯಾರ್ಥಿಗಳು ಮಾಡಿದಂತೆ 80:20ರ ತನಕ ಹೋದರೆ ಏರು 69.4, ಇಳಿಜಾರು ಕೇವಲ 33.7!

ಇಲ್ಲಿ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಭಾರವನ್ನು ಹೆಜ್ಜೆಹೆಜ್ಜೆಯಾಗಿ ಮುಂದಕ್ಕೆ ಸರಿಸಿದಂತೆ ಏರಿನಲ್ಲಿ ದೊರೆಯುವ ಲಾಭ ಕಿರಿದಾಗುತ್ತ ಹೋಗುತ್ತದೆ: 4.4 ಡಿಗ್ರಿ, 3.4 ಡಿಗ್ರಿ, 2.6 ಡಿಗ್ರಿ. ಇಳಿಜಾರಿನಲ್ಲಿ ಆಗುವ ನಷ್ಟವಾದರೋ ಹಿರಿದಾಗುತ್ತ ಹೋಗುತ್ತದೆ: 5.9, 8.1, 11.3. ಮೊದಲ ಹೆಜ್ಜೆ ಅಗ್ಗ. ಮೂರನೆಯದು ಬಲು ದುಬಾರಿ.

ಹಾಗಾದರೆ ಮುಂಭಾರವೇಕೆ?

50:50ರಲ್ಲಿಯೇ ನಿಂತುಬಿಡಬಾರದೇಕೆ ಎಂದು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಹತ್ತುವಾಗ ಮೋಟಾರು ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಚಾಲಕನು ಒಮ್ಮೆಗೇ ವೇಗವನ್ನು ಹೆಚ್ಚಿಸಿದರೆ ಗಾಡಿಯ ಜಡತ್ವವು ತೂಗುಗುಂಡಿನ ದಾರವನ್ನು ಮತ್ತಷ್ಟು ಹಿಂದಕ್ಕೆ ಸರಿಸಿದಂತಾಗುತ್ತದೆ. ಇದರ ಮೇಲೆ ಹಿಂದಿನ ಸ್ಪ್ರಿಂಗುಗಳೂ ಭಾರಕ್ಕೆ ಕುಸಿದು ಕೇಂದ್ರವನ್ನು ಹಿಂದಕ್ಕೆ ತರುತ್ತವೆ. ಇಳಿಯುವಾಗ ಮೆಲ್ಲನೆ ಇಳಿಯಬಹುದು. ಹತ್ತುವಾಗ ಒಮ್ಮೊಮ್ಮೆ ರಭಸ ಬೇಕಾಗಿಯೇ ಬರುತ್ತದೆ. ಆದಕಾರಣ ಏರಿಗೆಂದು ಸ್ವಲ್ಪ ಹೆಚ್ಚಿನ ಮೀಸಲು ಅಗತ್ಯ.

ಎರಡನೆಯದು, ಮುಂದಿನ ಚಕ್ರಗಳ ಹಿಡಿತ. 45 ಡಿಗ್ರಿಯ ಏರಿನಲ್ಲಿ 50:50 ಗಾಡಿಯ ಮುಂದಿನ ಚಕ್ರಗಳು ಬಂಡೆಯನ್ನು ಒತ್ತುವ ಬಲ ಒಟ್ಟು ಒತ್ತುಬಲದಲ್ಲಿ ನೂರಕ್ಕೆ 20 ಮಾತ್ರ. 60:40 ಗಾಡಿಯಲ್ಲಿ 30. ದಿಕ್ಕು ತಿರುಗಿಸುವವು ಮುಂದಿನ ಚಕ್ರಗಳೇ ಆದುದರಿಂದ ಅವು ಬಂಡೆಯನ್ನು ಕೇವಲ ಸವರಿಕೊಂಡು ಹೋದರೆ ಗಾಡಿ ಹೇಳಿದ ಮಾತು ಕೇಳುವುದಿಲ್ಲ.

ಒಟ್ಟು ಘರ್ಷಣೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಉಂಟು. ಮುಂಭಾರದಿಂದ ಹಿಡಿತವೆಲ್ಲ ಹೆಚ್ಚುತ್ತದೆಂದು ಹಲವರು ನಂಬುತ್ತಾರೆ. ಘರ್ಷಣೆಯ ಸಾಮಾನ್ಯ ನಿಯಮದಂತೆ, ನಾಲ್ಕೂ ಚಕ್ರಗಳು ಒಟ್ಟಿಗೆ ತಿರುಗುವ ಗಾಡಿ ಒಂದೇ ಸಮನಾದ ಏರಿನಲ್ಲಿ ಜಾರುವ ಕೋನವು ಭಾರದ ಹಂಚಿಕೆಯಿಂದ ಬದಲಾಗುವುದಿಲ್ಲ. ಘರ್ಷಣಾಂಕ 1 ಇದ್ದರೆ 45 ಡಿಗ್ರಿಗೆ ಗಾಡಿ ಜಾರತೊಡಗುತ್ತದೆ, ಭಾರ ಎಲ್ಲಿಯೇ ಇರಲಿ. ಅದಕ್ಕಿಂತ ಕಡಿದಾದ ಏರನ್ನು ಹತ್ತುವುದು ಟೈರಿನ ಮೆತ್ತನೆಯ ಗುಬ್ಬಿಗಳು ಬಂಡೆಯ ಅಂಚುಗಳಲ್ಲಿ ಕಚ್ಚಿಕೊಂಡಾಗ.

ಮೆಟ್ಟಿಲಿನ ಪರೀಕ್ಷೆ

ಬಂಡೆಯೆಂದರೆ ಬರಿಯ ಏರಲ್ಲ; ಅಲ್ಲಲ್ಲಿ ಗೋಡೆಯಂತೆ ನಿಂತ ಮೆಟ್ಟಿಲುಗಳೂ ಇರುತ್ತವೆ. ಸಮತಲದಿಂದ ಹೊರಟ ಗಾಡಿಯ ಮುಂದಿನ ಚಕ್ರಗಳು ತಮ್ಮ ತ್ರಿಜ್ಯಕ್ಕಿಂತ ಎತ್ತರವಾದ ಮೆಟ್ಟಿಲಿಗೆ ತಾಗಿದಾಗ ಏನಾಗುತ್ತದೆ? ಹಿಂದಿನ ಚಕ್ರಗಳು ಮುಂದಿನವನ್ನು ಗೋಡೆಗೆ ಒತ್ತಿ ಹಿಡಿಯಬೇಕು. ಆ ಒತ್ತಡ ಇದ್ದರೆ ಮಾತ್ರ ಮುಂದಿನ ಚಕ್ರಗಳಿಗೆ ಗೋಡೆಯ ಮೇಲೆ ಹಿಡಿತ ಸಿಕ್ಕಿ, ಅವು ಮೂಗಿನ ಭಾರವನ್ನು ಎತ್ತಿಕೊಂಡು ಮೇಲೇರಬಲ್ಲವು. ಹೀಗೆ ಒತ್ತಬೇಕಾದರೆ ಹಿಂದಿನ ಚಕ್ರಗಳ ಮೇಲೆಯೂ ಸಾಕಷ್ಟು ಭಾರವಿರಬೇಕು.

ಚಕ್ರದ ತ್ರಿಜ್ಯವನ್ನು 55 ಮಿ.ಮೀ. ಎಂದಿಟ್ಟುಕೊಂಡು ಬಲಗಳ ಸಮತೋಲವನ್ನು ಲೆಕ್ಕ ಹಾಕಿದರೆ, ಘರ್ಷಣಾಂಕ 1 ಇರುವಾಗ ಮುಂದಿನ ಪಾಲು ನೂರಕ್ಕೆ 68ರ ಒಳಗಿದ್ದರೆ ಮಾತ್ರ ಮೂಗು ಮೇಲೇಳುತ್ತದೆ. ಘರ್ಷಣಾಂಕ 0.8ಕ್ಕೆ ಇಳಿದರೆ, ಉದಾಹರಣೆಗೆ ಬಂಡೆಯ ಮೇಲೆ ಧೂಳು ಇದ್ದರೆ, ಈ ಮಿತಿ 55ಕ್ಕೆ ಬಂದು ನಿಲ್ಲುತ್ತದೆ. ಆಗ 60:40 ಗಾಡಿ ಮೆಟ್ಟಿಲಿನ ಮುಂದೆ ಚಕ್ರ ತಿರುಗಿಸುತ್ತ ನಿಲ್ಲುವುದು. 50:50 ಗಾಡಿ ಹತ್ತುವುದು. ಆದರೆ ಮುಂದಿನ ಚಕ್ರಗಳು ಮೇಲೇರಿದ ಬಳಿಕ ಪಾತ್ರಗಳು ಅದಲುಬದಲಾಗುತ್ತವೆ. ಓರೆಯಾದ ಗಾಡಿಯ ಭಾರ ಹಿಂದಕ್ಕೆ ಸರಿದಿರುತ್ತದೆ; ಹಿಂದಿನ ಚಕ್ರಗಳನ್ನು ಗೋಡೆಗೆ ಎಳೆದು ಹಿಡಿಯುವ ಕೆಲಸ ಮುಂದಿನವುಗಳ ಪಾಲಿಗೆ ಬರುತ್ತದೆ. ಆಗ ಮುಂಭಾರವೇ ಉಪಕಾರಿ. ಒಂದೇ ಮೆಟ್ಟಿಲು ಮೊದಲು ಒಂದನ್ನು ಕೇಳಿ, ಮರುಕ್ಷಣವೇ ಅದಕ್ಕೆ ವಿರುದ್ಧವಾದುದನ್ನು ಕೇಳುತ್ತದೆ!

ಎರಡು ಕಡೆಗೂ ಲಾಭ ತರುವ ಉಪಾಯ

ಮುಂದಕ್ಕೆ ಸರಿಸಿದರೆ ಇಳಿಜಾರಿಗೆ ನಷ್ಟ, ಹಿಂದಕ್ಕೆ ಸರಿಸಿದರೆ ಏರಿಗೆ ನಷ್ಟ. ಆದರೆ ನಮ್ಮ ಸೂತ್ರದಲ್ಲಿ ಇನ್ನೊಂದು ಅಂಶವಿದೆ. ಅದು ಗುರುತ್ವಕೇಂದ್ರದ ಎತ್ತರ. 60:40 ಗಾಡಿಯಲ್ಲಿ ಅದನ್ನು 90ರಿಂದ 80 ಮಿ.ಮೀ.ಗೆ ಇಳಿಸಿದರೆ ಏರಿನ ಮಿತಿ 66 ಡಿಗ್ರಿ, ಇಳಿಜಾರಿನ ಮಿತಿ 56.3 ಡಿಗ್ರಿ ಆಗುತ್ತದೆ. 70:30 ಮಾಡಿ ಏರಿನಲ್ಲಿ ಗಳಿಸುವಷ್ಟನ್ನೇ ಹೆಚ್ಚುಕಡಮೆ ಗಳಿಸಿದೆವು. ಇಳಿಜಾರಿನಲ್ಲಿ 8 ಡಿಗ್ರಿ ಕಳೆದುಕೊಳ್ಳುವ ಬದಲು 3 ಡಿಗ್ರಿ ಲಾಭ ಪಡೆದೆವು. ಮಗ್ಗುಲಿಗೆ ಉರುಳುವ ಭಯವೂ ಅಷ್ಟರಮಟ್ಟಿಗೆ ತಗ್ಗಿತು. ಒಂದು ಸೆಂಟಿಮೀಟರಿನ ಮಹಿಮೆ ಇಷ್ಟು.

ಆದುದರಿಂದ ಭಾರವನ್ನು ಎಲ್ಲಿಡಬೇಕೆಂಬುದರ ಜೊತೆಗೆ ಎಷ್ಟು ಕೆಳಗಿಡಬೇಕೆಂಬುದೂ ಮುಖ್ಯ. ಬ್ಯಾಟರಿಯ ತೂಕ 300 ಗ್ರಾಂ ಇದ್ದು ಅದನ್ನು 100 ಮಿ.ಮೀ. ಮುಂದಕ್ಕೆ ಸರಿಸಿದರೆ ಗುರುತ್ವಕೇಂದ್ರ 10 ಮಿ.ಮೀ. ಮುಂದಾಗುತ್ತದೆ, ಗಾಡಿಯ ಒಟ್ಟು ತೂಕ ಹೆಚ್ಚುವುದಿಲ್ಲ. ಮೊದಲು ಮಾಡಬೇಕಾದುದು ಇದೇ. ಅದು ಸಾಲದಿದ್ದರೆ ಮುಂದಿನ ಅಚ್ಚಿಗೆ ಹಿತ್ತಾಳೆಯ ತುಂಡುಗಳನ್ನು ಸೇರಿಸಬಹುದು. 50:50 ಗಾಡಿಗೆ ಹೀಗೆ 200 ಗ್ರಾಂ ಸೇರಿಸಿದರೆ ಮುಂದಿನ ಪಾಲು 53ಕ್ಕೆ ಏರುವುದಲ್ಲದೆ ಕೇಂದ್ರದ ಎತ್ತರವೂ 2 ಮಿ.ಮೀ.ನಷ್ಟು ತಗ್ಗುತ್ತದೆ, ಏರಿನಲ್ಲಿ 2 ಡಿಗ್ರಿ ಲಾಭ, ಇಳಿಜಾರಿನಲ್ಲಿ 1 ಡಿಗ್ರಿ ಮಾತ್ರ ನಷ್ಟ. ಇದಕ್ಕೆ ಪ್ರತಿಯಾಗಿ ಅಂದಕ್ಕೆಂದು 200 ಮಿ.ಮೀ. ಎತ್ತರದ ಚಾವಣಿಯ ಮೇಲೆ 100 ಗ್ರಾಂ ಆಟದ ಸಾಮಾನು ಕಟ್ಟಿದರೆ ಕೇಂದ್ರ 3.5 ಮಿ.ಮೀ. ಮೇಲೇರುತ್ತದೆ. ಹಿತ್ತಾಳೆಯಿಂದ ಗಳಿಸಿದ್ದನ್ನು ಚಾವಣಿ ಕಸಿದುಕೊಂಡಂತಾಯಿತು. ಹಿತ್ತಾಳೆಯನ್ನೂ ಮಿತಿಮೀರಿ ಸೇರಿಸಬಾರದು. ಹೆಚ್ಚಿದ ಒಂದೊಂದು ಗ್ರಾಮನ್ನೂ ಮೋಟಾರು, ಹಲ್ಲುಚಕ್ರಗಳು ಮತ್ತು ಸರ್ವೋ ಹೊರಬೇಕಷ್ಟೆ.

ನೀವೇ ಅಳೆದು ನೋಡಿ

ಈ ಅಳತೆಗಳಿಗೆ ಪ್ರಯೋಗಶಾಲೆ ಬೇಕಿಲ್ಲ. ಅಡುಗೆಮನೆಯ ಒಂದೇ ಎತ್ತರದ ಎರಡು ತಕ್ಕಡಿಗಳ ಮೇಲೆ ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಇಟ್ಟರೆ ಪಾಲು ತಿಳಿಯುತ್ತದೆ. ಆ ಬಳಿಕ ಗಾಡಿಯನ್ನು ಒಂದು ಹಲಗೆಯ ಮೇಲಿಟ್ಟು, ಹಿಂದಿನ ಟೈರುಗಳು ಜಾರದಂತೆ ತೆಳುವಾದ ಪಟ್ಟಿಯನ್ನು ತಡೆಯಾಗಿ ಹೊಡೆದು, ಹಲಗೆಯನ್ನು ಮೆಲ್ಲನೆ ಎತ್ತಿರಿ. ಮುಂದಿನ ಚಕ್ರಗಳು ಏಳುವ ಕೋನವನ್ನು ಅಳೆದು, ಹಿಂದಿನ ಚಕ್ರದಿಂದ ಕೇಂದ್ರಕ್ಕಿರುವ ದೂರವನ್ನು ಅದರ ಟ್ಯಾಂಜೆಂಟಿನಿಂದ ಭಾಗಿಸಿದರೆ ಎತ್ತರ ದೊರೆಯುತ್ತದೆ. ಗಾಡಿ ಬೀಳದಂತೆ ಒಬ್ಬರು ಕೈಯೊಡ್ಡಿ ನಿಂತಿರಲಿ.

ನಮ್ಮ ವಿದ್ಯಾರ್ಥಿಗಳು ಹೀಗೆಯೇ ಮಾಡಿದರು. ಕಟ್ಟಿದ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಚ್ಚಿದರು. ಬ್ಯಾಟರಿಯನ್ನು ಚಾಸಿಯ ಮೇಲಿನಿಂದ ಅದರ ಪಟ್ಟಿಗಳ ನಡುವೆ, ಮುಂದಿನ ಅಚ್ಚಿನ ಹತ್ತಿರಕ್ಕೆ ಇಳಿಸಿದರು. ಪಾಲು 58:42ಕ್ಕೆ ಬಂದಿತು. ಹೊಸ ಸರ್ವೋ ಹಾಕಿದ ಗಾಡಿ ಈಗ ಅದೇ ಬಂಡೆಯನ್ನು ಹತ್ತಿ, ಆಚೆ ಕಡೆಗೆ ಇಳಿದೂ ಬರುತ್ತದೆ. ಇದೇ ಸಂಖ್ಯೆ ಎಲ್ಲ ಗಾಡಿಗೂ ಸಲ್ಲುವುದೆಂದು ನಾವು ಹೇಳುವುದಿಲ್ಲ. ಬಂಡೆ ಬೇರೆಯಾದರೆ, ಟೈರು ಬೇರೆಯಾದರೆ, ಉತ್ತರವೂ ಒಂದಿಷ್ಟು ಬೇರೆಯಾದೀತು. ಭಾರವನ್ನು ಮೊದಲು ಕೆಳಗಿಳಿಸಿ, ಅನಂತರ ಮುಂದಕ್ಕೆ ಸರಿಸಿ, ಆಚೆಯ ಇಳಿಜಾರನ್ನು ನೆನೆದು ನಿಲ್ಲಿಸಬೇಕು ಎಂಬ ಕ್ರಮ ಮಾತ್ರ ಎಲ್ಲೆಡೆಗೂ ಸಲ್ಲುತ್ತದೆ. ಏರಿನಲ್ಲಿ ಮುಂದೆ ಸರಿದು ಇಳಿಜಾರಿನಲ್ಲಿ ಹಿಂದೆ ಸರಿಯುವ ಗಾಡಿಯವನ ಅನುಕೂಲ ಈ ಪುಟ್ಟ ಯಂತ್ರಕ್ಕಿಲ್ಲ. ಅದರ ಭಾರ ಇಟ್ಟಲ್ಲಿಯೇ ಇರುತ್ತದೆ. ಆದುದರಿಂದ ಇಡುವವರೇ ಎರಡು ದಿಕ್ಕನ್ನೂ ಯೋಚಿಸಿ ಇಡಬೇಕು.