ಬೆಟ್ಟ ಹಾಗೂ ನದಿ ತೀರದ ಕಾಲುಹಾದಿಗಳಲ್ಲಿ ಓಟ: ಸ್ಥಳದ ಆಯ್ಕೆ ಮತ್ತು ಅನುಮತಿ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕಾಮಾಕ್ಷಿಪಾಳ್ಯ, ಬಸವೇಶ್ವರನಗರ, ರಾಜಾಜಿನಗರ, ವಿಜಯನಗರ ಮತ್ತು ಕೆಂಗೇರಿ ಭಾಗಗಳಿಂದ ರಜಾ ದಿನಗಳಲ್ಲಿ ಬೆಟ್ಟಗಳಿಗೂ ನದಿ ತೀರಗಳಿಗೂ ತೆರಳುವ ನಾಗರಿಕರಲ್ಲಿ ಕಾಲುಹಾದಿಯ ಓಟವನ್ನು, ಅಂದರೆ ಟ್ರೇಲ್ ರನ್ನಿಂಗ್ ಅನ್ನು, ಹವ್ಯಾಸವಾಗಿ ಕೈಗೊಂಡವರೂ ಇದ್ದಾರೆ. ರಾತ್ರಿಯಿಡೀ ಪ್ರಯಾಣ ಮಾಡಿ ಬೆಟ್ಟದ ಬುಡವನ್ನು ತಲುಪಿದ ಮೇಲೆ ಅನುಮತಿ ಚೀಟಿ ಇಲ್ಲವೆಂಬ ಕಾರಣಕ್ಕೆ ಹಿಂದಿರುಗುವ ಸಂದರ್ಭ ಯಾರಿಗೂ ಬರಬಾರದು. ಅನುಮತಿ ಇದ್ದರೂ ಓಡಬಾರದ ಸ್ಥಳದಲ್ಲಿ ಓಡಿ ಪ್ರಾಣಾಪಾಯಕ್ಕೆ ಸಿಲುಕಬಾರದು. ಈ ಎರಡು ಉದ್ದೇಶಗಳಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಹಾದಿ ಯಾರ ಆಡಳಿತದಲ್ಲಿದೆ?

ಸ್ಥಳವನ್ನು ಆಯ್ಕೆ ಮಾಡುವ ಮುನ್ನ ಈ ಅಂಶವನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಹಾದಿಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

(ಅ) ಹಳ್ಳಿಯ ರಸ್ತೆ, ಬಂಡಿದಾರಿ ಮುಂತಾದ ಸಾರ್ವಜನಿಕ ಹಾದಿಗಳು. ಇಲ್ಲಿ ಓಡಲು ಸಾಮಾನ್ಯವಾಗಿ ಅನುಮತಿ ಬೇಕಿಲ್ಲ.

(ಆ) ಖಾಸಗಿ ತೋಟಗಳ ಒಳದಾರಿಗಳು. ಮಾಲೀಕರ ಒಪ್ಪಿಗೆ ಅಗತ್ಯ. ಚಿಕ್ಕಮಗಳೂರು ಭಾಗದಲ್ಲಿ 2016ರಲ್ಲಿ ಆರಂಭವಾದ ಮಲ್ನಾಡ್ ಅಲ್ಟ್ರಾ ಓಟದ ಹಾದಿಯಲ್ಲಿ ಕಾಫಿ ತೋಟಗಳ ಒಳದಾರಿಗಳೂ ಸೇರಿವೆ. ಸ್ಪರ್ಧೆಯ ದಿನ ತೆರೆದಿದ್ದ ತೋಟದ ಗೇಟು ಉಳಿದ ದಿನಗಳಲ್ಲಿಯೂ ತೆರೆದಿರುತ್ತದೆಂದು ಭಾವಿಸಬಾರದು.

(ಇ) ಮೀಸಲು ಅರಣ್ಯ, ವನ್ಯಜೀವಿಧಾಮ ಮತ್ತು ರಾಷ್ಟ್ರೀಯ ಉದ್ಯಾನಗಳು. ಇವು ಕರ್ನಾಟಕ ಅರಣ್ಯ ಅಧಿನಿಯಮ, 1963 ಹಾಗೂ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ಕ್ಕೆ ಒಳಪಟ್ಟಿವೆ. ಎರಡನೆಯ ಅಧಿನಿಯಮದ 27ನೇ ಪ್ರಕರಣವು ವನ್ಯಜೀವಿಧಾಮದೊಳಗಿನ ಪ್ರವೇಶವನ್ನು ನಿರ್ಬಂಧಿಸುತ್ತದೆ. ಪ್ರವಾಸಕ್ಕಾಗಿ ಅನುಮತಿ ನೀಡಲು 28ನೇ ಪ್ರಕರಣದಲ್ಲಿ ಅವಕಾಶವಿದೆ. ಅನುಮತಿಯಿಲ್ಲದ ಪ್ರವೇಶವು ಶಿಕ್ಷಾರ್ಹ ಅಪರಾಧವಾಗಿರುತ್ತದೆ.

2. ಓಡಲು ಸೂಕ್ತವಾದ ಸ್ಥಳಗಳು

ತಾಲೀಮಿಗೆ ಕಾಮಾಕ್ಷಿಪಾಳ್ಯದ ನಿವಾಸಿಗಳಿಗೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಮರಗಳ ನಡುವಿನ ಹಾದಿಗಳು ಸಮೀಪವಾಗುತ್ತವೆ. ವಿಶ್ವವಿದ್ಯಾಲಯವು ನಿಗದಿಪಡಿಸಿದ ವೇಳೆ ಮತ್ತು ನಿಯಮಗಳನ್ನು ಪಾಲಿಸತಕ್ಕದ್ದು.

ಒಂದು ದಿನದ ವಿಹಾರಕ್ಕೆ ಮಾಗಡಿ ತಾಲ್ಲೂಕಿನ ಸಾವನದುರ್ಗವು ಅನುಕೂಲಕರವಾಗಿದೆ. ಕಾಮಾಕ್ಷಿಪಾಳ್ಯವನ್ನು ಹಾದುಹೋಗುವ ಮಾಗಡಿ ರಸ್ತೆಯಲ್ಲಿಯೇ ಮಾಗಡಿಯನ್ನು ತಲುಪಿ, ಅಲ್ಲಿಂದ ಸುಮಾರು 12 ಕಿ.ಮೀ. ಸಾಗಿದರೆ ಬೆಟ್ಟದ ಬುಡ ಸಿಗುತ್ತದೆ. ತಪ್ಪಲಿನ ಹಳ್ಳಿ ರಸ್ತೆಗಳು ಓಟಕ್ಕೆ ಯೋಗ್ಯವಾಗಿವೆ. ಆದರೆ 1,226 ಮೀಟರ್ ಎತ್ತರದ ಬೆಟ್ಟವು ಬಹುಪಾಲು ಏಕಶಿಲೆಯಾಗಿದ್ದು, ಮಳೆ ಬಿದ್ದಾಗ ಬಂಡೆಯ ಮೇಲೆ ಕಾಲು ನಿಲ್ಲುವುದಿಲ್ಲ. ಬೆಟ್ಟವನ್ನು ಅನುಮತಿ ಪಡೆದು, ಹಗಲಿನಲ್ಲಿ, ನಡೆದೇ ಹತ್ತತಕ್ಕದ್ದು.

ನದಿ ತೀರದ ಓಟಕ್ಕೆ ಶ್ರೀರಂಗಪಟ್ಟಣ ತಾಲ್ಲೂಕಿನ ನಾಲೆ ಏರಿಗಳು ಹೆಸರಾಗಿವೆ. 2007ರಲ್ಲಿ ಆರಂಭವಾದ ಕಾವೇರಿ ಟ್ರೇಲ್ ಮ್ಯಾರಥಾನ್ ರಂಗನತಿಟ್ಟಿನ ಆಸುಪಾಸಿನ ಇಂತಹ ಏರಿಯ ಮೇಲೆಯೇ ನಡೆದಿದೆ. ಹಾದಿ ಸಮತಟ್ಟಾಗಿದ್ದು ಹೊಸದಾಗಿ ಓಡುವವರಿಗೂ ಸುಲಭವಾಗಿದೆ. ರೈತರ ಗಾಡಿ ಮತ್ತು ಜಾನುವಾರುಗಳಿಗೆ ದಾರಿ ಬಿಟ್ಟುಕೊಡತಕ್ಕದ್ದು. ರಂಗನತಿಟ್ಟು ಪಕ್ಷಿಧಾಮದ ಒಳಗೆ ಓಡಲು ಅವಕಾಶವಿಲ್ಲವೆಂದೇ ತಿಳಿಯುವುದು. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಶ್ರೀರಂಗಪಟ್ಟಣಕ್ಕೆ ಬಸ್ಸುಗಳಿವೆ.

3. ನಡೆದೇ ಹೋಗಬೇಕಾದ ಸ್ಥಳಗಳು

ಕುದುರೆಮುಖ, ಕುಮಾರಪರ್ವತ ಮುಂತಾದ ಹಾದಿಗಳಿಗೆ ದೊರೆಯುವ ಅನುಮತಿಯು ಚಾರಣಕ್ಕೆ ಸಂಬಂಧಿಸಿದ್ದು. ಅದನ್ನು ಓಟದ ಪರವಾನಗಿಯೆಂದು ಭಾವಿಸಬಾರದು. ಇದಕ್ಕೆ ಕಾರಣಗಳಿವೆ. ಕಾಡಾನೆ, ಕಾಟಿ ಮುಂತಾದ ಪ್ರಾಣಿಗಳು ಮನುಷ್ಯರ ಸುಳಿವು ಮೊದಲೇ ಸಿಕ್ಕರೆ ಸಾಮಾನ್ಯವಾಗಿ ದೂರ ಸರಿಯುತ್ತವೆ. ವೇಗವಾಗಿ ಓಡಿ ಬರುವವನು ಹಾದಿಯ ತಿರುವಿನಲ್ಲಿ ಪ್ರಾಣಿಗೆ ಎದುರಾಗುವ ವೇಳೆಗೆ ಇಬ್ಬರಿಗೂ ಸರಿಯಲು ಸಮಯವಿರುವುದಿಲ್ಲ. ಮಾರ್ಗದರ್ಶಕರನ್ನು ಹಿಂದೆ ಬಿಟ್ಟು ಮುಂದೆ ಓಡಿದವರು ಮಂಜು ಕವಿದಾಗ ದಾರಿ ತಪ್ಪುವ ಸಂಭವವೂ ಇದೆ. ಕಾಲು ಉಳುಕಿದರೆ ನೆರವು ಬರಲು ಹಲವು ಗಂಟೆಗಳು ಬೇಕಾಗುತ್ತವೆ.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಂಗಾಮೂಲದಲ್ಲಿ ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಹುಟ್ಟುತ್ತವೆ. ಮಳೆ ನೀರನ್ನು ಹಿಡಿದಿಟ್ಟು ವರ್ಷವಿಡೀ ಹೊಳೆಗಳಿಗೆ ಬಿಡುವ ಶೋಲಾ ಕಾಡು ಹಾಗೂ ಹುಲ್ಲುಗಾವಲು ಇಲ್ಲಿವೆ. ಜನರು ಅಡ್ಡದಾರಿ ಹಿಡಿದು ಹುಲ್ಲನ್ನು ತುಳಿದಲ್ಲಿ ಮಣ್ಣು ಸವೆದು ಮಳೆಗಾಲದಲ್ಲಿ ಕೊರಕಲಾಗುತ್ತದೆ. ಆದುದರಿಂದ ಗುರುತಿಸಿದ ಹಾದಿಯನ್ನು ಬಿಡಬಾರದು.

4. ಅನುಮತಿ ಪಡೆಯುವ ವಿಧಾನ

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯ ಸಂದರ್ಭದಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಗೇ ಬಂದುದರಿಂದ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣದ ಮೂಲಕ ಮುಂಗಡ ನೋಂದಣಿ ವ್ಯವಸ್ಥೆಯನ್ನು ಜಾರಿಗೆ ತಂದು, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯೊಂದಿಗೆ ಚಾರಣವನ್ನು ಪುನಃ ಆರಂಭಿಸಲಾಯಿತು.

ಅರ್ಜಿದಾರರು ಚಾರಣದ ಹಾದಿ ಮತ್ತು ದಿನಾಂಕವನ್ನು ಆರಿಸಿ, ತಂಡದ ಪ್ರತಿಯೊಬ್ಬರ ವಿವರ ಹಾಗೂ ಗುರುತಿನ ಚೀಟಿಯ ಮಾಹಿತಿಯನ್ನು ನಮೂದಿಸಿ, ಜಾಲತಾಣದಲ್ಲಿ ತೋರಿಸಿದ ಶುಲ್ಕವನ್ನು ಪಾವತಿಸತಕ್ಕದ್ದು. ಚೀಟಿಯ ಪ್ರತಿಯನ್ನೂ, ನಮೂದಿಸಿದ ಗುರುತಿನ ಚೀಟಿಯ ಮೂಲವನ್ನೂ ಜೊತೆಯಲ್ಲಿ ಒಯ್ಯುವುದು. ಬಸ್ಸು ಮತ್ತು ವಸತಿಯನ್ನು ಅನುಮತಿ ದೊರೆತ ನಂತರವೇ ಕಾಯ್ದಿರಿಸಿದರೆ ಹಣ ವ್ಯರ್ಥವಾಗುವುದಿಲ್ಲ. ಬೇಸಿಗೆಯ ಕಾಳ್ಗಿಚ್ಚಿನ ಅವಧಿಯಲ್ಲಿ ಮತ್ತು ಅತಿವೃಷ್ಟಿಯ ಸಮಯದಲ್ಲಿ ಹಾದಿಗಳನ್ನು ಮುಚ್ಚುವುದುಂಟು. ಹೊರಡುವ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿಕೊಳ್ಳುವುದು ಲೇಸು.

5. ಸಮಯದ ಲೆಕ್ಕ

ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬುವರು 1892ರಲ್ಲಿ ಸೂಚಿಸಿದ ಲೆಕ್ಕಾಚಾರವನ್ನು ಬೆಟ್ಟ ನಡೆಯುವವರು ಇಂದಿಗೂ ಬಳಸುತ್ತಾರೆ. ಅದರಂತೆ ಪ್ರತಿ 5 ಕಿ.ಮೀ. ದೂರಕ್ಕೆ 1 ಗಂಟೆ ಹಾಗೂ ಪ್ರತಿ 600 ಮೀಟರ್ ಏರಿಗೆ ಹೆಚ್ಚುವರಿ 1 ಗಂಟೆ ಹಿಡಿಯಬೇಕು. ಉದಾಹರಣೆಗೆ, ಹೋಗಿಬರಲು ಒಟ್ಟು 20 ಕಿ.ಮೀ. ದೂರ ಮತ್ತು 900 ಮೀಟರ್ ಏರು ಇರುವ ಹಾದಿಗೆ 4 ಗಂಟೆ ಮತ್ತು ಒಂದೂವರೆ ಗಂಟೆ, ಒಟ್ಟು ಐದೂವರೆ ಗಂಟೆ ಆಗುತ್ತದೆ. ಇದರಲ್ಲಿ ವಿಶ್ರಾಂತಿ ಹಾಗೂ ಊಟದ ಸಮಯ ಸೇರಿಲ್ಲ. ಅವನ್ನೂ ಕೂಡಿಸಿ, ಸೂರ್ಯಾಸ್ತಕ್ಕೆ ಮುನ್ನ ಎರಡು ಗಂಟೆ ಉಳಿಯುವಂತೆ ಹೊರಡುವ ವೇಳೆಯನ್ನು ನಿರ್ಧರಿಸುವುದು.

6. ನದಿಯ ಬಗ್ಗೆ ಎಚ್ಚರಿಕೆ

ಓಡಿ ಬೆವತ ನಂತರ ನೀರಿಗೆ ಇಳಿಯಬೇಕೆನಿಸುವುದು ಸಹಜ. ಆದರೆ ಮಂಚನಬೆಲೆ ಜಲಾಶಯ, ಸಂಗಮ ಹಾಗೂ ಮೇಕೆದಾಟುಗಳಲ್ಲಿ ನೀರಿಗಿಳಿದವರು ಜೀವ ಕಳೆದುಕೊಂಡಿದ್ದಾರೆ. ಮೇಕೆದಾಟಿನಲ್ಲಿ ಕಾವೇರಿಯು ಕಿರಿದಾದ ಕಂದರದಲ್ಲಿ ಹರಿಯುವುದರಿಂದ ಮೇಲ್ನೋಟಕ್ಕೆ ಶಾಂತವಾಗಿ ಕಂಡರೂ ಸೆಳೆತ ಬಲವಾಗಿರುತ್ತದೆ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಮಟ್ಟವು ಬೇಗನೆ ಏರುತ್ತದೆ.

ಹೊಳೆಯ ನೀರನ್ನು ಕುಡಿಯಬಾರದು. ಪಶ್ಚಿಮ ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿಯು ಬೈರಮಂಗಲ ಜಲಾಶಯವನ್ನು ಹಾದು ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಮನೆಯ ಮುಂದಿನ ಚರಂಡಿಗೆ ಬಿಟ್ಟ ನೀರೇ ಹಲವು ಹತ್ತು ಮೈಲಿ ಸಾಗಿ ವಿಹಾರಸ್ಥಳದಲ್ಲಿ ಎದುರಾಗುತ್ತದೆ ಎಂಬುದನ್ನು ಈ ಭಾಗದ ನಾಗರಿಕರು ಗಮನಿಸಬೇಕಾಗಿ ಕೋರಲಾಗಿದೆ.

7. ಆರೋಗ್ಯ ಮತ್ತು ತುರ್ತು ನೆರವು

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದ ಹರಡುತ್ತದೆ. ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚಿನ ಎಚ್ಚರಿಕೆ ಅಗತ್ಯ. ಮೈ ಮುಚ್ಚುವ ಉಡುಪು ಧರಿಸುವುದು, ಹಿಂದಿರುಗಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯುವುದು. ಸತ್ತ ಮಂಗ ಕಂಡರೆ ಸಮೀಪಿಸದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳುವುದು.

ತುರ್ತು ಸಂದರ್ಭದಲ್ಲಿ 112, ಆಂಬ್ಯುಲೆನ್ಸ್‌ಗೆ 108 ಹಾಗೂ ಅರಣ್ಯ ಸಹಾಯವಾಣಿ 1926 ಸಂಖ್ಯೆಗೆ ಕರೆ ಮಾಡಬಹುದು. ಅನೇಕ ಹಾದಿಗಳಲ್ಲಿ ಮೊಬೈಲ್ ಸಂಕೇತ ದೊರೆಯುವುದಿಲ್ಲ. ಆದುದರಿಂದ ಹೋಗುವ ಹಾದಿ ಹಾಗೂ ಮರಳುವ ವೇಳೆಯನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟು ಹೊರಡತಕ್ಕದ್ದು. ಹೇಳಿದ ವೇಳೆಗೆ ಮರಳದಿದ್ದರೆ ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕೆಂಬುದು ಆ ಚೀಟಿಯಿಂದಲೇ ತಿಳಿಯುತ್ತದೆ.